‘ನೀವು ಸುಮ್ನೆ ಕೂತ್ಕೊಳ್ಳಿ’

ಒಲೆಯ ಮೇಲಿಟ್ಟ ಹಾಲು ಉಕ್ಕಿ, ಪಾತ್ರೆ ಸೀದುಹೋಗುತ್ತದೆ. ವಾರದಲ್ಲಿ ಇದು ಎರಡನೇ ಸಲ. ‘ಅತ್ತೆ, ಇನ್ಮೇಲೆ ಒಲೆ ಹತ್ರ ಬರಬೇಡಿ. ನೀವು ಸುಮ್ನೆ ಕೂತ್ಕೊಳ್ಳಿ, ನಾನು ನೋಡ್ಕೋತೀನಿ’ ಎನ್ನುತ್ತಾಳೆ ಸೊಸೆ. ಮಗ ಎಟಿಎಂ ಕಾರ್ಡನ್ನು ತನ್ನ ಬೀರುವಿಗೆ ಸೇರಿಸುತ್ತಾನೆ. ಸಂಜೆ ದೇವಸ್ಥಾನಕ್ಕೆ ಹೋಗುವುದೂ ನಿಲ್ಲುತ್ತದೆ. ‘ಮರೆವಿನ ಕಾಯಿಲೆ, ಇನ್ನೂ ಶುರು’ ಎಂದು ಡಾಕ್ಟರು ಹೇಳಿ ತಿಂಗಳಾಗುವಷ್ಟರಲ್ಲಿ, ನಲವತ್ತು ವರ್ಷ ಮನೆ ನಡೆಸಿದ ಹೆಂಗಸಿಗೆ ಮಾಡಲು ಒಂದು ಕೆಲಸವೂ ಉಳಿದಿರುವುದಿಲ್ಲ. ಯಾರದೂ ಕೆಟ್ಟ ಮನಸ್ಸಲ್ಲ. ಪ್ರೀತಿಯಿಂದಲೇ ಆಗುವ ಅನ್ಯಾಯ ಇದು.

ಆಸ್ಟ್ರೇಲಿಯಾದ ಕೇಟ್ ಸ್ವಾಫರ್ ಅವರಿಗೆ ಇದೇ ಮರೆವಿನ ಕಾಯಿಲೆ, ಡಿಮೆನ್ಷಿಯಾ, ಇದೆಯೆಂದು 2008ರಲ್ಲಿ ತಿಳಿದಾಗ ವಯಸ್ಸು 49. ಕೆಲಸ ಬಿಡಿ, ಓದು ಬಿಡಿ, ಇರುವಷ್ಟು ದಿನ ಮನೆಯಲ್ಲಿ ನೆಮ್ಮದಿಯಾಗಿರಿ ಎಂಬ ಸಲಹೆ ಸಿಕ್ಕಿತು. ಔಷಧಿ ಚೀಟಿಯಲ್ಲೇ ಬರೆದುಕೊಟ್ಟ ನಿವೃತ್ತಿ ಎಂಬರ್ಥದ ಹೆಸರನ್ನು ಅವರು ಅದಕ್ಕೆ ಇಟ್ಟರು. ಓದು ಬಿಡಲಿಲ್ಲ. 2014ರಲ್ಲಿ ಶುರುವಾದ ಡಿಮೆನ್ಷಿಯಾ ಅಲಯನ್ಸ್ ಇಂಟರ್‌ನ್ಯಾಷನಲ್ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದರು. ಕಾಯಿಲೆ ಇರುವವರಷ್ಟೇ ಅದರ ಸದಸ್ಯರು.

ನಮ್ಮಲ್ಲಿ ಈ ಕಾಯಿಲೆ ಎಂದೊಡನೆ ನೆನಪಾಗುವುದು ‘ಕಾಣೆಯಾಗಿದ್ದಾರೆ’ ಪ್ರಕಟಣೆ. 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಸಿನಿಮಾದ ಹೆಸರೇ ಅದರ ಒಕ್ಕಣೆ. ಅನಂತ್ ನಾಗ್ ಅವರ ವೆಂಕೋಬರಾವ್ ಪಾತ್ರ ಡಿಮೆನ್ಷಿಯಾದ ಒಂದು ಬಗೆಗಿರುವ ಅಲ್ಜೈಮರ್‌ ಎಂಬ ಹೆಸರನ್ನು ಎಷ್ಟೋ ಮನೆಗಳಿಗೆ ಮುಟ್ಟಿಸಿತು. ಆದರೆ ದಾರಿ ತಪ್ಪುವ ದಿನಕ್ಕೂ ಮುಂಚೆ ಬಹುತೇಕರಿಗೆ ಕೆಲವು ವರ್ಷಗಳೇ ಇರುತ್ತವೆ. ಆಗ ಹೆಸರು, ಊರು, ರುಚಿ, ಸಿಟ್ಟು, ಸ್ವಂತ ಅಭಿಪ್ರಾಯ ಎಲ್ಲವೂ ಇರುತ್ತವೆ. ‘ಅರವತ್ತಕ್ಕೆ ಅರಳು ಮರಳು’ ಎಂದು ನಾವು ತಳ್ಳಿಹಾಕುವುದು ಆ ವರ್ಷಗಳನ್ನೇ. ಬೇಗ ತೋರಿಸಿದರೆ ಇನ್ನೊಂದು ಲಾಭವಿದೆ: ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆಗಳೂ ಮರೆವು ತರುತ್ತವೆ, ಅವಕ್ಕೆ ಚಿಕಿತ್ಸೆ ಇದೆ. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ಆರಂಭಿಸಿದ ಬ್ರೈನ್ ಹೆಲ್ತ್ ಯೋಜನೆಯಡಿ ಜಿಲ್ಲಾ ಆಸ್ಪತ್ರೆಗಳಲ್ಲೂ ಕ್ಲಿನಿಕ್‌ಗಳು ಬಂದಿವೆ.

ಅಲ್ಜೈಮರ್‌ನಲ್ಲಿ ಸಾಮಾನ್ಯವಾಗಿ ಮೊದಲು ಪೆಟ್ಟು ಬೀಳುವುದು ಹಿಪ್ಪೊಕ್ಯಾಂಪಸ್ ಎಂಬ ಭಾಗಕ್ಕೆ. ಹೊಸದಾಗಿ ಕಂಡದ್ದು, ಕೇಳಿದ್ದು ಅಲ್ಲಿ ಅಚ್ಚಾಗುವುದಿಲ್ಲ. ಬೆಳಿಗ್ಗೆ ತಿಂದ ತಿಂಡಿ ಮರೆತಿರುತ್ತದೆ, ಹೋಳಿಗೆ ತಟ್ಟುವ ಕೈ ಮರೆತಿರುವುದಿಲ್ಲ. ಕೈಗೆ ಹತ್ತಿದ ಕೆಲಸದ ನೆನಪು ಮಿದುಳಿನ ಬೇರೆ ಜಾಗದಲ್ಲಿದ್ದು ಬಹುಕಾಲ ಬಾಳುತ್ತದೆ. ‘ನಾನ್ಯಾರು, ಹೇಳಿ ನೋಡೋಣ?’ ಎಂದು ಪರೀಕ್ಷೆ ಮಾಡುವ ನೆಂಟರನ್ನು ನೀವೂ ನೋಡಿರುತ್ತೀರಿ. ದಯವಿಟ್ಟು ಹಾಗೆ ಮಾಡಬೇಡಿ. ಊಹಿಸಿ ತಪ್ಪು ಹೇಳಿದರೆ ಎಷ್ಟೋ ಸಲ ಆ ತಪ್ಪೇ ಮನಸ್ಸಿನಲ್ಲಿ ಕೂರುತ್ತದೆ. ‘ಚಿಕ್ಕಮ್ಮಾ, ನಾನು ನಿಮ್ಮ ಅಕ್ಕನ ಮಗ’ ಎಂದು ಮೊದಲೇ ಹೇಳಿಕೊಂಡು ಒಳಗೆ ಬಂದರೆ ಮರ್ಯಾದೆಯೂ ಉಳಿಯುತ್ತದೆ, ಮಾತೂ ಮುಂದುವರಿಯುತ್ತದೆ.

ಇಂಥ ತಿಳಿವಳಿಕೆಯ ಮೇಲೆ ಕಟ್ಟಿದ ಪದ್ಧತಿಯೊಂದನ್ನು ಪ್ರೊಫೆಸರ್ ಲಿಂಡಾ ಕ್ಲೇರ್ ಅವರ ತಂಡ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪರೀಕ್ಷಿಸಿತು. ಆರಂಭದ ಹಂತದ 475 ಮಂದಿ ಭಾಗವಹಿಸಿದ್ದರು. ಯಾವ ಕೆಲಸ ಸಲೀಸಾಗಬೇಕೆಂದು ಕಾಯಿಲೆ ಇದ್ದವರನ್ನೇ ಕೇಳಿ, ಹೆಚ್ಚೆಂದರೆ ಮೂರನ್ನು ಆರಿಸಿಕೊಳ್ಳಲಾಯಿತು. ಅವರಲ್ಲಿ ಅರ್ಧದಷ್ಟು ಮಂದಿಯ ಮನೆಗೇ ಚಿಕಿತ್ಸಕರು ಹೋಗಿ ಆ ಕೆಲಸಗಳಿಗೆ ನೆರವಾದರು. ಒಂಬತ್ತು ತಿಂಗಳ ನಂತರವೂ ಅವರು ಆರಿಸಿಕೊಂಡ ಕೆಲಸಗಳಲ್ಲಿ ಸ್ಪಷ್ಟ ಸುಧಾರಣೆ ಕಂಡಿತು. ನೆನಪಿನ ಪರೀಕ್ಷೆಯ ಅಂಕ ಮಾತ್ರ ಏರಲಿಲ್ಲ. ನನಗೆ ಇದರಲ್ಲಿ ನಿರಾಸೆ ಕಾಣುವುದಿಲ್ಲ. ಅತ್ತೆಗೆ ಬೇಕಾದದ್ದು ಅಂಕವಲ್ಲ, ಬೆಳಗಿನ ಕಾಫಿ ತಾನೇ ಮಾಡುವುದು. ಅದಕ್ಕೆ ಸಿಳ್ಳೆ ಹಾಕುವ ಹಾಲಿನ ಕುಕ್ಕರ್ ಸಾಕಾಗಬಹುದು. ಡಿಕಾಕ್ಷನ್, ಸಕ್ಕರೆ, ಲೋಟ ಪ್ರತಿದಿನ ಒಂದೇ ಜಾಗದಲ್ಲಿ, ಕಣ್ಣಿಗೆ ಬೀಳುವ ಹಾಗಿರಬೇಕು. ಕ್ಯಾಲೆಂಡರ್‌ನಲ್ಲಿ ಕಳೆದ ದಿನಕ್ಕೆ ಗೀಟು, ವಾರದ ಏಳು ಮನೆಗಳ ಮಾತ್ರೆ ಡಬ್ಬಿ, ಖಾತೆಯಲ್ಲಿ ತಿಂಗಳ ಖರ್ಚಿಗಾಗುವಷ್ಟೇ ದುಡ್ಡು ಇಟ್ಟು ಕಾರ್ಡನ್ನು ಅವರ ಕೈಯಲ್ಲೇ ಬಿಡುವುದು. ಒಪ್ಪಿದರೆ ದೇವಸ್ಥಾನದ ದಾರಿಯ ಹೂವಿನವಳಿಗೂ ಅಂಗಡಿಯವರಿಗೂ ಒಂದು ಮಾತು ತಿಳಿಸಿಡುವುದು. ಕಾಯಿಲೆ ಮುಂದುವರಿದಂತೆ ಇವನ್ನೆಲ್ಲ ಬದಲಿಸಬೇಕಾಗುತ್ತದೆ, ಕೆಲವನ್ನು ಬಿಡಲೇಬೇಕಾಗುತ್ತದೆ. ಆದರೆ ಮೊದಲ ತಿಂಗಳಲ್ಲೇ ಅಲ್ಲ.

ಕಾಗದಪತ್ರಕ್ಕೂ ಇದೇ ಕಾಲ. ಮುಂದೆ ತನಗೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ, ತನ್ನ ಪರವಾಗಿ ಯಾರು ಮಾತಾಡಬೇಕು ಎಂದು ಮೊದಲೇ ಬರೆದಿಡುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟಿದೆ. ವಿವೇಚನೆ ಗಟ್ಟಿಯಿದ್ದಾಗ ಬರೆದರಷ್ಟೇ ಅದಕ್ಕೆ ಬೆಲೆ.

ಕ್ಲಿನಿಕ್‌ನ ಕೋಣೆಯಲ್ಲಿ ‘ರಾತ್ರಿ ನಿದ್ದೆ ಮಾಡ್ತಾರಾ?’ ಎಂದು ಡಾಕ್ಟರು ಮಗನನ್ನು ಕೇಳುತ್ತಾರೆ. ‘ಮಾಡ್ತಾರೆ’ ಎನ್ನುತ್ತಾನೆ ಮಗ. ತಾಯಿ ಇಬ್ಬರ ನಡುವೆ ಕೂತು ಕೇಳಿಸಿಕೊಳ್ಳುತ್ತಿರುತ್ತಾರೆ. ನಿದ್ದೆ ಬಂತೋ ಇಲ್ಲವೋ ಅವರಿಗೆ ಗೊತ್ತಿದೆ. ಕುರ್ಚಿಯನ್ನು ಒಂದಿಷ್ಟು ಅವರ ಕಡೆ ತಿರುಗಿಸಿ ‘ಅಮ್ಮಾ, ಯಾವ ಕೆಲಸ ಬಿಡೋಕೆ ನಿಮಗೆ ಮನಸ್ಸಿಲ್ಲ?’ ಎಂದು ಕೇಳಿದರೆ ಅವರು ಉತ್ತರ ಹೇಳಬಲ್ಲರು. ಸ್ವಲ್ಪ ಹೊತ್ತು ಹಿಡಿಯಬಹುದು, ಅಷ್ಟೆ.