ಮೂಗಿಗಿಂತ ಮೂಗುತಿ ಭಾರ: ಹಳೇ ಲಕ್ಸುರಿ ಕಾರು ರಿಪೇರಿ ಮಾಡಿಸೋದಾ, ಮಾರೋದಾ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲವಾಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇವತ್ತಿನ ಸಂಚಿಕೆ ಶುರುವಾಗಿದ್ದು ನಮ್ಮ ಮಾವನ ಫೋನ್ ಕಾಲ್‌ನಿಂದ. ಮಾವ ಅಂದ್ರೆ ಅಮ್ಮನ ಅಣ್ಣ, ದೇವನಹಳ್ಳಿ ಪಕ್ಕದ ಹಳ್ಳಿಯವರು. "ಅಳಿಯಾ, ಗಾಡಿ ಮಲಗಿಬಿಟ್ಟೈತೆ ಕಣಪ್ಪಾ, ಬಂದು ನೋಡು" ಅಂದ್ರು. ಹೋಗಿ ನೋಡಿದ್ರೆ ನಿಜವಾಗ್ಲೂ ಮಲಗಿತ್ತು. ಶೆಡ್ಡಲ್ಲಿ ನಿಂತಿದ್ದ ಜರ್ಮನ್ ಸೆಡಾನ್‌ನ ಹಿಂಭಾಗ ಒಂದು ಕಡೆ ಚಕ್ರದ ಮೇಲೇ ಕೂತುಬಿಟ್ಟಿತ್ತು.

2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮ ಕಡೆ ಜಮೀನಿನ ರೇಟು ಎಲ್ಲಿಗೆ ಹೋಯ್ತು ಅಂತ ನಿಮಗೆ ಗೊತ್ತೇ ಇದೆ. ಮಾವ 2012ರಲ್ಲಿ ಎರಡು ಎಕರೆ ಮಾರಿದ್ರು. ಮನೆ ಕಟ್ಟಿಸಿದ್ರು, ಮಗಳ ಮದುವೆ ಮಾಡಿದ್ರು, ಉಳಿದ ದುಡ್ಡಲ್ಲಿ ಸುಮಾರು 48 ಲಕ್ಷ ಕೊಟ್ಟು ಈ ಡೀಸೆಲ್ ಗಾಡಿ ತಂದ್ರು. ಆ ಹೊಲ ಇದ್ದ ಜಾಗದಲ್ಲಿ ಈಗ ಲೇಔಟ್ ಇದೆ. ಕಾರಿನ ಬಾನೆಟ್ ಮೇಲೆ ಕೈ ಇಟ್ಟು ಮಾವ ಹೇಳೋದು ಒಂದೇ ಮಾತು: "ಇದು ನಮ್ಮಪ್ಪನ ಹೊಲ ಕಣೋ."

ಸರ್ವಿಸ್ ಸೆಂಟರ್ ಕೊಟ್ಟ ಎಸ್ಟಿಮೇಟ್ 3.6 ಲಕ್ಷ. ಬ್ರೋಕರ್ ಒಬ್ಬ, ಇದ್ದ ಸ್ಥಿತಿಯಲ್ಲೇ 4.5 ಲಕ್ಷ ಕೊಡ್ತೀನಿ ಅಂದ. "48 ಲಕ್ಷದ ಗಾಡಿನ ನಾಲ್ಕೂವರೆಗೆ ಕೊಡೋಕೆ ನನಗೇನು ಹುಚ್ಚಾ?" ಅಂತ ಮಾವ. ಈ ಪ್ರಶ್ನೆಯನ್ನೇ ಇವತ್ತು ಬಿಡಿಸಿ ನೋಡೋಣ.

ರಿಪೇರಿ ಯಾಕೆ ಇಷ್ಟು ದುಬಾರಿ?

ಕಾರಿನ ಮಾರುಕಟ್ಟೆ ಬೆಲೆ ವರ್ಷ ವರ್ಷ ಇಳಿಯುತ್ತೆ. ಆದ್ರೆ ಬಿಡಿಭಾಗದ ಬೆಲೆ ಇಳಿಯಲ್ಲ. 48 ಲಕ್ಷದ ಕಾರಿಗೆ ಹಾಕಿದ್ದ ಪಾರ್ಟೇ ಇವತ್ತು ಐದು ಲಕ್ಷದ ಕಾರಿಗೂ ಬೇಕು.

ಮಾವನ ಗಾಡಿಯಲ್ಲಿದ್ದದ್ದು ಏರ್ ಸಸ್ಪೆನ್ಷನ್. ಅಂದ್ರೆ ಉಕ್ಕಿನ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲ. ಗಾಡಿ ಓಡಲಿ, ಬಿಡಲಿ, ವಯಸ್ಸಾದಂತೆ ರಬ್ಬರ್ ಬಿರುಕು ಬಿಡುತ್ತೆ. ಗಾಳಿ ಸೋರಿದಾಗ ಕಂಪ್ರೆಸರ್ ಮತ್ತೆ ಮತ್ತೆ ಓಡಿ ತುಂಬುತ್ತೆ, ಕೊನೆಗೆ ಅದೂ ಸುಟ್ಟುಹೋಗುತ್ತೆ. ಹೀಗೆ ಒಂದು ಚೀಲದ ಖರ್ಚು ಮೂರಾಗುತ್ತೆ. ಜೊತೆಗೆ ಮಾವನ ಗೇರ್‌ಬಾಕ್ಸ್ ಎರಡರಿಂದ ಮೂರಕ್ಕೆ ಹೋಗುವಾಗ ಜಗ್ಗುತ್ತಿತ್ತು.

"ಇನ್ಶೂರೆನ್ಸ್ ಇದೆಯಲ್ಲಾ?" ಅಂತ ಕೇಳ್ತೀರಾ. ಸವೆತದಿಂದ ಬಂದ ದೋಷಕ್ಕೆ ಸಾಮಾನ್ಯ ಕಾರು ವಿಮೆ ದುಡ್ಡು ಕೊಡಲ್ಲ. ಅಪಘಾತವೇ ಆದ್ರೂ ಝೀರೋ ಡೆಪ್ರಿಸಿಯೇಷನ್ ಇಲ್ಲದಿದ್ರೆ ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ 50% ಕಳೆದೇ ಕೊಡೋದು.

ಘಾಟಿ ಜಾತ್ರೆ ಪರೀಕ್ಷೆ

ಬಿಕಾಂ ಓದಿದವರಿಗೆ ಸಂಕ್ ಕಾಸ್ಟ್ ನೆನಪಿರಬೇಕು. ಈಗಾಗ್ಲೇ ಖರ್ಚಾಗಿ, ಏನು ಮಾಡಿದ್ರೂ ವಾಪಸ್ ಬರದ ದುಡ್ಡು. ಅದನ್ನ ಮುಂದಿನ ಲೆಕ್ಕಕ್ಕೆ ಸೇರಿಸಬಾರದು. ಇದನ್ನ ಮಾವನಿಗೆ ಹೇಳಿದೆ, ತಲೆಗೆ ಹೋಗ್ಲಿಲ್ಲ. ಆಮೇಲೆ ಅವರ ಭಾಷೆಯಲ್ಲೇ ಕೇಳಿದೆ.

ಮಾವ ಎಷ್ಟೋ ವರ್ಷ ದೊಡ್ಡಬಳ್ಳಾಪುರದ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೆ ಹೋದವರು. ಹಲ್ಲು ನೋಡಿ, ಗೊರಸು ನೋಡಿ, ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡಿದವರು. "ಮಾವ, ಈ ಗಾಡಿ ನಿಮ್ಮದಲ್ಲ ಅಂದ್ಕೊಳ್ಳಿ. ಜಾತ್ರೆಯಲ್ಲಿ ಒಂದು ಕಾಲು ಕುಂಟೋ ಎತ್ತಿನ ಥರ ನಿಂತಿದೆ. ರೇಟು ನಾಲ್ಕೂವರೆ, ಔಷಧಿಗೆ ಇನ್ನೂ ಮೂರೂ ಅರವತ್ತು. ಕೊಳ್ತೀರಾ?"

ಮಾವ ತಕ್ಷಣ ಅಂದ್ರು: "ಯಾವನು ಕೊಳ್ತಾನೆ?"

ಇಟ್ಟುಕೊಳ್ಳೋದು ಅಂದ್ರೆ ಅದೇ. ಇವತ್ತಿನ ಬೆಲೆ ಕೊಟ್ಟು ಅದೇ ಗಾಡಿನ ಮತ್ತೆ ಕೊಂಡಂಗೆ.

ಎರಡು ವರ್ಷದ ಲೆಕ್ಕ

ಪೇಪರ್ ಪೆನ್ ಹಿಡಿದು ಕೂತ್ವಿ. ಈಗ ಮಾರದೆ ಬಿಟ್ಟುಕೊಡೋ ದುಡ್ಡು 4.5 ಲಕ್ಷ. ರಿಪೇರಿ 3.6. ಎರಡು ವರ್ಷದ ವಿಮೆ, ಸರ್ವಿಸ್ 1.6. ನಾಲ್ಕು ಟೈರು 0.8. ಒಟ್ಟು 10.5 ಲಕ್ಷ. ಎರಡು ವರ್ಷ ಬಿಟ್ಟು ಮಾರಿದ್ರೆ 3.5 ಸಿಗಬಹುದು ಅಂದ್ಕೊಂಡ್ರೂ ನಿವ್ವಳ ಖರ್ಚು 7 ಲಕ್ಷ. ತಿಂಗಳಿಗೆ ಸುಮಾರು 29,000.

ಮಾವ ತಿಂಗಳಿಗೆ ಓಡಿಸೋದು 300 ಕಿಲೋಮೀಟರ್. ಅಲ್ಲಿಗೆ ಡೀಸೆಲ್ ಬಿಟ್ಟು ಕಿಲೋಮೀಟರಿಗೆ 97 ರೂಪಾಯಿ! ಇದೇ ಗಾಡಿನ ತಿಂಗಳಿಗೆ 1,200 ಕಿಲೋಮೀಟರ್ ಓಡಿಸೋರಿಗೆ ಇದು 25 ರೂಪಾಯಿ ಆಸುಪಾಸು. ಅವರ ಗಾಡಿಯ ಇತಿಹಾಸ ಚೆನ್ನಾಗಿದ್ದು, ಕೆಟ್ಟಿರೋದು ಒಂದೇ ಭಾಗ ಆಗಿದ್ರೆ ರಿಪೇರಿ ಮಾಡಿಸೋದೇ ಸರಿ ಇರಬಹುದು. ಉತ್ತರ ಗಾಡಿಯಲ್ಲಷ್ಟೇ ಇಲ್ಲ, ಓಡಿಸೋರ ಹತ್ರಾನೂ ಇದೆ.

ಹಾಗಾದ್ರೆ ರಿಪೇರಿ ಮಾಡಿಸಿ ಮಾರೋದು? ಪೂರ್ತಿ ಸರಿ ಮಾಡಿದ್ರೆ 6.5 ಲಕ್ಷ ಬರಬಹುದು. ಅಂದ್ರೆ 3.6 ಹಾಕಿ 2 ತೆಗೆದಂಗೆ. ಅದೂ ನಷ್ಟ. ಆದ್ರೆ ಇನ್ನೊಂದು ಎಸ್ಟಿಮೇಟ್ ತಗೊಳ್ಳದೆ ಬಿಡಬೇಡಿ. ಸ್ಕ್ಯಾನರ್ ಹಾಕಿಸಿ ಫಾಲ್ಟ್ ಕೋಡ್‌ಗಳ ಪ್ರಿಂಟ್ ಕೇಳಿ. ಎಸ್ಟಿಮೇಟನ್ನ ಮೂರು ಭಾಗ ಮಾಡಿಸಿ: ಸುರಕ್ಷತೆಗೆ ಬೇಕಾದ್ದು, ಗಾಡಿ ಓಡೋಕೆ ಬೇಕಾದ್ದು, ಬರೀ ಆರಾಮಕ್ಕೆ. ಯಲಹಂಕ ಕಡೆಯ ಒಂದು ಗ್ಯಾರೇಜಿನವರು ಸಸ್ಪೆನ್ಷನ್ ಮಾತ್ರ 1.1 ಲಕ್ಷಕ್ಕೆ ಮಾಡಿಕೊಟ್ರು. ನೆಟ್ಟಗೆ ನಿಂತ ಗಾಡಿ 5.8 ಲಕ್ಷಕ್ಕೆ ಹೋಯ್ತು, ಅದೂ ಗೇರ್‌ಬಾಕ್ಸ್ ಜಗ್ಗೋದನ್ನ ಕೊಳ್ಳೋರಿಗೆ ಓಡಿಸಿ ತೋರಿಸಿದ ಮೇಲೆ. ಬ್ರೋಕರ್ ರೇಟಿಗಿಂತ ಉಳಿದದ್ದು ಬರೀ 20,000. ಆದ್ರೆ ನಾಳೆ ಯಾರೂ ಬಂದು ಬಾಗಿಲು ತಟ್ಟಲ್ಲ.

15 ವರ್ಷದ ಗಡಿ

ದೆಹಲಿಯಲ್ಲಿ ಕೇಳಿಬರೋ 10 ವರ್ಷದ ಡೀಸೆಲ್ ನಿಯಮ ಕರ್ನಾಟಕದಲ್ಲಿಲ್ಲ. ಇಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಮುಗಿಯೋ ಮುಂಚಿನ 60 ದಿನದೊಳಗೆ ಫಾರಂ 25 ಹಾಕಬೇಕು. ಶುಲ್ಕ ಸಾಮಾನ್ಯ ಕಾರಿಗೆ 5,000, ಆಮದು ಕಾರಿಗೆ 40,000. 20 ವರ್ಷ ದಾಟಿದ್ರೆ 2025ರ ಆಗಸ್ಟ್‌ನಿಂದ ಇದು 10,000 ಮತ್ತು 80,000. ಜರ್ಮನ್ ಹೆಸರಿದ್ದ ಮಾತ್ರಕ್ಕೆ ಆಮದು ಅಲ್ಲ. ಎಷ್ಟೋ ಮಾಡೆಲ್‌ಗಳು ಪುಣೆ ಹತ್ತಿರದ ಚಾಕಣ್‌ನಲ್ಲಿ, ಚೆನ್ನೈನಲ್ಲಿ ಜೋಡಣೆಯಾದವು. ಆರ್‌ಸಿ ನೋಡಿ.

ಕೀಲಿ ಕೊಟ್ರೆ ಮುಗೀಲಿಲ್ಲ

ಈ ಭಾಗ ದಯವಿಟ್ಟು ಸ್ಕಿಪ್ ಮಾಡಬೇಡಿ. ಆ ಬ್ರೋಕರ್ ಮಾವನಿಗೆ, "ಖಾಲಿ ಫಾರಂಗೆ ಸೈನ್ ಹಾಕಿ ಕೊಡಿ, ಪಾರ್ಟಿ ಸಿಕ್ಕಾಗ ಹೆಸರು ಬದಲಾಯಿಸ್ತೀನಿ" ಅಂದಿದ್ದ. ಹೀಗೆ ಎಂದೂ ಕೊಡಬೇಡಿ. 2018ರಲ್ಲಿ ಸುಪ್ರೀಂ ಕೋರ್ಟ್, ನವೀನ್ ಕುಮಾರ್ ವರ್ಸಸ್ ವಿಜಯ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ: ಕಾರು ಎಷ್ಟು ಕೈ ಬದಲಾಗಿದ್ರೂ ದಾಖಲೆಯಲ್ಲಿ ಯಾರ ಹೆಸರಿದೆಯೋ, ಅಪಘಾತದ ಪರಿಹಾರಕ್ಕೆ ಅವರೇ ಹೊಣೆ. ಹೊಲ ಮಾರಿ ತಂದ ಗಾಡಿಯಿಂದ ಇರೋ ಮನೆಗೂ ಕುತ್ತು ಬರಬಾರದಲ್ವಾ?

ಸಾಲ ಇದ್ದಿದ್ರೆ ಬ್ಯಾಂಕಿನ ಎನ್‌ಒಸಿ ತಂದು ಫಾರಂ 35 ಹಾಕಿ ಅದನ್ನ ತೆಗೆಸಿ. ಮಾರಿದ ಮೇಲೆ ರಾಜ್ಯದೊಳಗಾದ್ರೆ 14 ದಿನದೊಳಗೆ ಫಾರಂ 29ರಲ್ಲಿ ಆರ್‌ಟಿಒಗೆ ತಿಳಿಸಬೇಕು. ವರ್ಗಾವಣೆ ಅರ್ಜಿ ಫಾರಂ 30. ಅಧಿಕೃತ ಡೀಲರ್‌ಗೆ ಕೊಡೋದಾದ್ರೆ 2023ರ ಏಪ್ರಿಲ್‌ನಿಂದ ಫಾರಂ 29ಸಿ ಇದೆ, ಅದನ್ನ ಕೇಳಿ ಮಾಡಿಸಿ. ನೋ ಕ್ಲೇಮ್ ಬೋನಸ್ ನಿಮ್ಮದು, ಗಾಡಿಯದ್ದಲ್ಲ. ವಿಮಾ ಕಂಪನಿಯಿಂದ ಪ್ರಮಾಣಪತ್ರ ತಗೊಂಡ್ರೆ ಮುಂದಿನ ಕಾರಿಗೆ ಮೂರು ವರ್ಷದೊಳಗೆ ಬಳಸಬಹುದು.

ಗಾಡಿ ಕೊಡೋ ಹಿಂದಿನ ದಿನ ಮಾವ ತಾವೇ ನಿಂತು ತೊಳೆದ್ರು. ಆಮೇಲೆ ದಿನಾ ಬೆಳಿಗ್ಗೆ ಫೋನು: "ಅಳಿಯಾ, ಹೆಸರು ಬದಲಾಯ್ತಾ ನೋಡಪ್ಪಾ." ಹನ್ನೆರಡನೇ ದಿನ ಎಂಪರಿವಾಹನ್ ಆ್ಯಪ್‌ನಲ್ಲಿ ಬದಲಾಗಿತ್ತು. ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಸರಿ ಬಿಡು. ಭಾನುವಾರ ಊಟಕ್ಕೆ ಬಾ, ಬಸ್ಸಲ್ಲೇ ಬಾ" ಅಂದ್ರು.

ನಿಮ್ಮ ಮನೆ ಶೆಡ್ಡಲ್ಲೂ ಇಂಥದ್ದೊಂದು ಗಾಡಿ ನಿಂತಿದ್ರೆ, ಅದರ ಎಸ್ಟಿಮೇಟು, ನೀವು ತಿಂಗಳಿಗೆ ಓಡಿಸೋ ಕಿಲೋಮೀಟರು ಎರಡನ್ನೂ ವಾಯ್ಸ್ ನೋಟ್ ಮಾಡಿ ಕಳಿಸಿ. ಮುಂದಿನ ವಾರ ಒಟ್ಟಿಗೆ ಕೂತು ಲೆಕ್ಕ ಹಾಕೋಣ. ಅಲ್ಲಿವರೆಗೆ ಹುಷಾರಾಗಿ ಓಡಿಸಿ.