ಬಂದೂಕಿನ ಲೆಕ್ಕ: ಅಮೆರಿಕದ ಅಪರಾಧ ಅಂಕಿಅಂಶಗಳನ್ನು ಓದುವುದು ಹೇಗೆ?

ಕಳೆದ ತಿಂಗಳು ನಮ್ಮ ಪರಿಚಯದ ಹಿರಿಯರೊಬ್ಬರು ಅಂಗಡಿಗೆ ಬಂದು ಕುಳಿತರು. ಅವರ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾರೆ. "ಅಲ್ಲಿ ಕೊಲೆ, ಸುಲಿಗೆ ಜಾಸ್ತಿ ಆಗಿದೆಯಂತೆ. ಮನೇಲಿ ಒಂದು ಪಿಸ್ತೂಲು ಇಟ್ಕೊಳ್ತೀನಿ ಅಂತಾನೆ ಮಗ. ಏನು ಹೇಳ್ಲಿ ಅವನಿಗೆ?" ಎಂದರು. ಮೊಬೈಲಿಗೆ ಬಂದಿದ್ದ ಎರಡು ವಿಡಿಯೋ ತೋರಿಸಿದರು. ಒಂದರಲ್ಲಿ ಅಪರಾಧ ವಿಪರೀತ ಏರಿದೆ ಎಂದಿತ್ತು, ಇನ್ನೊಂದರಲ್ಲಿ ಇಳಿದಿದೆ ಎಂದಿತ್ತು. ಎರಡರಲ್ಲೂ ಅಂಕಿಗಳಿದ್ದವು.

ನಾನು ಓದಿದ್ದು ಪಿಯುಸಿ ಮಾತ್ರ. ಆದರೆ ನಲವತ್ತು ವರ್ಷ ಖಾತೆ ಪುಸ್ತಕ ಬರೆದಿದ್ದೇನೆ. ಒಂದು ಅಂಕಿಯನ್ನೂ ತಿದ್ದದೆ ಲೆಕ್ಕದಿಂದ ಜನರನ್ನು ದಾರಿ ತಪ್ಪಿಸಬಹುದು ಎಂಬುದು ವ್ಯಾಪಾರಿಗಳಿಗೆ ಗೊತ್ತಿರುವ ಸಂಗತಿ. ನಮ್ಮ ಅನೇಕ ಮನೆಗಳ ಮಕ್ಕಳು ಅಲ್ಲಿರುವುದರಿಂದ, ನಾನು ಓದಿ ತಿಳಿದುಕೊಂಡಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

1. ಯಾವ ವರ್ಷಕ್ಕೆ ಹೋಲಿಸುತ್ತಿದ್ದಾರೆ?

ಆಷಾಢದ ವ್ಯಾಪಾರಕ್ಕೆ ಶ್ರಾವಣದ್ದನ್ನು ಹೋಲಿಸಿದರೆ ಅಂಗಡಿ ಭರ್ಜರಿಯಾಗಿ ನಡೆಯುತ್ತಿದೆ ಎನ್ನಬಹುದು. ದೀಪಾವಳಿಗೆ ಹೋಲಿಸಿದರೆ ಮುಳುಗುತ್ತಿದೆ ಎನ್ನಬಹುದು. ಅಮೆರಿಕದಲ್ಲಿ 1991ರಲ್ಲಿ ಪ್ರತಿ ಲಕ್ಷ ಜನರಿಗೆ ಸುಮಾರು 9.8 ಕೊಲೆಗಳಾಗುತ್ತಿದ್ದವು. 2014ರ ಹೊತ್ತಿಗೆ ಅದು 4.5ರ ಆಸುಪಾಸಿಗೆ ಇಳಿಯಿತು. ಕೊರೊನಾ ಬಂದ 2020ರಲ್ಲಿ ಒಂದೇ ವರ್ಷದಲ್ಲಿ ಕೊಲೆಗಳು ಶೇ. 30ರಷ್ಟು ಹೆಚ್ಚಿ, ಪ್ರಮಾಣ 6.5ರ ಆಸುಪಾಸಿಗೆ ಬಂತು. ನಂತರ ಮತ್ತೆ ಇಳಿಯಿತು. 2023ರಲ್ಲಿ ಶೇ. 11ಕ್ಕೂ ಹೆಚ್ಚು, 2024ರಲ್ಲಿ ಸುಮಾರು ಶೇ. 15ರಷ್ಟು ಕಡಿಮೆಯಾಯಿತು ಎಂದು ಅಲ್ಲಿನ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಹೇಳಿದೆ. ಹೆದರಿಸಬೇಕಾದವರು 2014ರಿಂದ 2020ರವರೆಗೆ ಲೆಕ್ಕ ಹಾಕುತ್ತಾರೆ. ಬೆನ್ನು ತಟ್ಟಿಕೊಳ್ಳಬೇಕಾದವರು 2020ರಿಂದ ಶುರು ಮಾಡುತ್ತಾರೆ.

2. ಒಟ್ಟು ಸಂಖ್ಯೆಯೋ, ಜನಸಂಖ್ಯೆಗೆ ತಕ್ಕ ಪ್ರಮಾಣವೋ?

ಬಂದೂಕು ನಿಯಂತ್ರಣ ಬೇಡ ಎನ್ನುವ ರಾಜಕಾರಣಿಗಳು ಮತ್ತೆ ಮತ್ತೆ ಹೇಳುವ ಹೆಸರು ಷಿಕಾಗೊ. ಅಲ್ಲಿ ಕಾನೂನು ಬಿಗಿಯಾಗಿದೆ, ಆದರೂ ಕೊಲೆಗಳು ನಿಂತಿಲ್ಲ ಎಂಬುದು ಅವರ ವಾದ. 2020ರಲ್ಲಿ ಅಲ್ಲಿ 760ಕ್ಕೂ ಹೆಚ್ಚು ಕೊಲೆಗಳಾದದ್ದು ನಿಜ. ಆದರೆ ಷಿಕಾಗೊ ಸುಮಾರು 27 ಲಕ್ಷ ಜನರ ಊರು. ಅದೇ ವರ್ಷ ಸುಮಾರು 3 ಲಕ್ಷ ಜನರಿರುವ ಸೇಂಟ್ ಲೂಯಿಸ್‌ನಲ್ಲಿ 260ರಷ್ಟು ಕೊಲೆಗಳಾದವು. ಜನಸಂಖ್ಯೆಗೆ ತಾಳೆ ಹಾಕಿದರೆ ಸೇಂಟ್ ಲೂಯಿಸ್‌ನದು ಸುಮಾರು ಮೂರು ಪಟ್ಟು. ಆ ಊರಿರುವ ಮಿಸೌರಿ ರಾಜ್ಯದಲ್ಲಿ ಬಂದೂಕಿನ ಕಾನೂನು ಬಹಳ ಸಡಿಲ. ಆ ಹೆಸರು ಅವರ ಭಾಷಣಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ.

3. ಒಂದೇ ಪದ, ಬೇರೆ ಬೇರೆ ಅಳತೆ

ನಾಲ್ಕು ಅಥವಾ ಹೆಚ್ಚು ಜನರಿಗೆ ಗುಂಡು ತಗುಲಿದ ಘಟನೆಗಳನ್ನೆಲ್ಲ ಒಂದು ಖಾಸಗಿ ಸಂಸ್ಥೆ "ಸಾಮೂಹಿಕ ಗುಂಡಿನ ದಾಳಿ" ಎಂದು ಎಣಿಸುತ್ತದೆ. 2022ರಲ್ಲಿ ಅದರ ಲೆಕ್ಕ 600ನ್ನು ದಾಟಿತ್ತು. ಶಾಲೆ, ಮಾರುಕಟ್ಟೆಯಂಥ ಜನ ಸೇರುವ ಕಡೆ ಕೊಲ್ಲಲೆಂದೇ ನುಗ್ಗಿದ ಘಟನೆಗಳನ್ನು ಎಫ್‌ಬಿಐ ಬೇರೆ ಪಟ್ಟಿ ಮಾಡುತ್ತದೆ. ಅದೇ ವರ್ಷ ಅದರ ಲೆಕ್ಕ 50. ಎರಡೂ ಸುಳ್ಳಲ್ಲ. ಕಾನೂನು ಬೇಕೆನ್ನುವವರು ಮೊದಲನೆಯದನ್ನು ಹೇಳುತ್ತಾರೆ, ಬೇಡವೆನ್ನುವವರು ಎರಡನೆಯದನ್ನು.

ಇಂಗ್ಲೆಂಡಿನ ಉದಾಹರಣೆಯೂ ಹೀಗೆಯೇ. 1996ರಲ್ಲಿ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಯಲ್ಲಿ 16 ಮಕ್ಕಳು ಮತ್ತು ಒಬ್ಬ ಶಿಕ್ಷಕಿ ಗುಂಡಿಗೆ ಬಲಿಯಾದರು. ಮರುವರ್ಷ ಬ್ರಿಟನ್ ಕೈಬಂದೂಕುಗಳನ್ನು ನಿಷೇಧಿಸಿತು. "ನಿಷೇಧದ ನಂತರ ಅಲ್ಲಿ ಹಿಂಸಾಪರಾಧ ಹೆಚ್ಚಾಗಿ ಅಮೆರಿಕವನ್ನೂ ಮೀರಿಸಿದೆ" ಎಂಬ ಸಂದೇಶ ವರ್ಷಗಟ್ಟಲೆ ಓಡಾಡಿತು. ಆದರೆ ಇಂಗ್ಲೆಂಡ್ ಪೊಲೀಸರು ಗಾಯವಾಗದ ಹೊಡೆದಾಟವನ್ನೂ ಹಿಂಸೆಯ ಲೆಕ್ಕಕ್ಕೆ ಸೇರಿಸುತ್ತಾರೆ. ಅಮೆರಿಕದ ಲೆಕ್ಕದಲ್ಲಿ ಬರುವುದು ಕೊಲೆ, ಅತ್ಯಾಚಾರ, ದರೋಡೆ, ತೀವ್ರ ಹಲ್ಲೆ ಇಷ್ಟೇ. ಜೊತೆಗೆ 1998ರಲ್ಲೂ 2002ರಲ್ಲೂ ಇಂಗ್ಲೆಂಡ್ ಎಣಿಕೆಯ ನಿಯಮ ಬದಲಿಸಿದ್ದರಿಂದ ದಾಖಲೆಯಲ್ಲಿ ಅಂಕಿ ಏರಿತು. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ರೀತಿ ಎಣಿಸುವುದು ಕೊಲೆಯನ್ನು. ಲಕ್ಷ ಜನರಿಗೆ ಇಂಗ್ಲೆಂಡಿನಲ್ಲಿ ಸುಮಾರು 1, ಅಮೆರಿಕದಲ್ಲಿ ಅದರ ಐದಾರು ಪಟ್ಟು.

4. ಲೆಕ್ಕಕ್ಕೆ ಯಾರು ಸೇರಿಲ್ಲ?

2021ರಲ್ಲಿ ಎಫ್‌ಬಿಐ ಮಾಹಿತಿ ಸಂಗ್ರಹದ ವಿಧಾನ ಬದಲಿಸಿದಾಗ ನ್ಯೂಯಾರ್ಕ್, ಲಾಸ್ ಏಂಜಲೀಸ್ ಸೇರಿ ಸಾವಿರಾರು ಪೊಲೀಸ್ ವಿಭಾಗಗಳು ವರದಿ ಕೊಡಲಿಲ್ಲ. ಆ ವರ್ಷದ ಲೆಕ್ಕದಲ್ಲಿ ದೊಡ್ಡ ತೂತಿತ್ತು. 2023ರ ವೇಳೆಗೆ ಶೇ. 90ಕ್ಕಿಂತ ಹೆಚ್ಚು ಜನರು ವಾಸಿಸುವ ಪ್ರದೇಶಗಳ ಮಾಹಿತಿ ಬಂದಿತ್ತು. ಆದರೂ 2024ರ ಚುನಾವಣೆಯಲ್ಲಿ ಟ್ರಂಪ್ ಅವರು ಎಫ್‌ಬಿಐ ಅಂಕಿಗಳಲ್ಲಿ ಅತಿ ಕೆಟ್ಟ ನಗರಗಳು ಸೇರಿಲ್ಲ ಎಂದು ವಾದಿಸಿದರು. ಹಳೆಯ ತೂತನ್ನು ಹೊಸ ಲೆಕ್ಕಕ್ಕೆ ಅಂಟಿಸಿದಂತಾಯಿತು.

5. ಒಟ್ಟು ಮೊತ್ತದ ಒಳಗೆ ಏನಿದೆ?

ಆ ಹಿರಿಯರ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿ. 2023ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು ಸುಮಾರು 46,700 ಜನ. ಇದನ್ನು ಕೇಳಿದ ಕೂಡಲೇ ನಾವು ಕೊಲೆಗಳೆಂದುಕೊಳ್ಳುತ್ತೇವೆ. ಬಿಡಿಸಿ ನೋಡಿದರೆ ಕೊಲೆಗಳು ಸುಮಾರು 17,900. ಆತ್ಮಹತ್ಯೆಗಳು ಸುಮಾರು 27,300, ಅಂದರೆ ಅರ್ಧಕ್ಕಿಂತ ಹೆಚ್ಚು. ಕಾನೂನು ಬೇಕೆನ್ನುವವರು ಒಟ್ಟು ಮೊತ್ತ ಹೇಳಿ ಕೊಲೆಯ ಚಿತ್ರ ತೋರಿಸುವುದುಂಟು. ಬೇಡವೆನ್ನುವವರು ಆತ್ಮಹತ್ಯೆಯನ್ನು ಪಕ್ಕಕ್ಕಿಟ್ಟು "ಉಳಿದದ್ದು ಇಷ್ಟೇ" ಎನ್ನುವುದುಂಟು. ಆ 27,300 ಮಂದಿಯೂ ಯಾರದೋ ಮನೆಯವರು.

ಮನಸ್ಸು ಕುಗ್ಗಿದ ಗಳಿಗೆ ಬಹಳ ಸಲ ದಾಟಿಹೋಗುತ್ತದೆ. ಬೇರೆ ದಾರಿ ಹಿಡಿದ ಹೆಚ್ಚಿನವರು ಬದುಕಿ ಉಳಿಯುತ್ತಾರೆ. ಕೈಯಲ್ಲಿ ಬಂದೂಕಿದ್ದರೆ ಹತ್ತರಲ್ಲಿ ಸುಮಾರು ಒಂಬತ್ತು ಜನ ಉಳಿಯುವುದಿಲ್ಲ. ಬಂದೂಕಿರುವ ಮನೆಯಲ್ಲಿ ಈ ಅಪಾಯ ಹೆಚ್ಚು ಎಂದು ಅಲ್ಲಿನ ಅನೇಕ ಅಧ್ಯಯನಗಳು ತೋರಿಸಿವೆ.

ನಾನು ಆ ಹಿರಿಯರಿಗೆ ಹೇಳಿದ್ದು ಇಷ್ಟು: "ಕಳ್ಳನ ಭಯಕ್ಕೆ ಪಿಸ್ತೂಲು ತರುತ್ತಾರೆ. ಆಮೇಲೆ ಅದು ದಿನವೂ ಇರುವುದು ಮನೆಯವರ ಜೊತೆ. ಬೆಳೆಯುವ ಮೊಮ್ಮಕ್ಕಳಿದ್ದಾರೆ. ವಿಡಿಯೋ ಬಿಟ್ಟು, ತನ್ನ ಊರಿನ ಲೆಕ್ಕ ನೋಡಿ ತೀರ್ಮಾನ ಮಾಡಲು ಹೇಳಿ. ಒಂದು ವೇಳೆ ತಂದರೂ ಗುಂಡು ತೆಗೆದು, ಬೀಗ ಹಾಕಿ, ಗುಂಡುಗಳನ್ನು ಬೇರೆ ಕಡೆ ಇಡಲಿ." ಅವರು ಅಲ್ಲೇ ಕುಳಿತು ಮಗನಿಗೆ ಫೋನ್ ಮಾಡಿದರು. ಅರ್ಧ ಗಂಟೆ ಮಾತಾಡಿದರು. ಪಿಸ್ತೂಲಿನ ವಿಷಯ ಐದು ನಿಮಿಷ, ಉಳಿದದ್ದೆಲ್ಲ ಮಗನ ಕೆಲಸ, ನಿದ್ದೆ, ಒಂಟಿತನದ ಮಾತು.

ದೂರದಲ್ಲಿರುವ ಮಕ್ಕಳ ಜೊತೆ ನೀವೂ ಹೀಗೆ ಮಾತಾಡಿ. ಯಾರಾದರೂ ತೀರಾ ನೊಂದಿದ್ದರೆ ನಮ್ಮ ದೇಶದಲ್ಲಿ ಟೆಲಿ ಮಾನಸ್ 14416, ಅಮೆರಿಕದಲ್ಲಿ 988 ಸಂಖ್ಯೆಗೆ ಹಗಲು ರಾತ್ರಿ ಕರೆ ಮಾಡಬಹುದು. ಈ ಎರಡು ಸಂಖ್ಯೆಗಳನ್ನು ದಯವಿಟ್ಟು ಬರೆದಿಟ್ಟುಕೊಳ್ಳಿ.