ಚೆನ್ನೈ ಸುತ್ತಲಿನ ಇರುಳರು: ನೆಲ, ಹಾವು ಮತ್ತು ಕನ್ನಿಯಮ್ಮ

ಚೆನ್ನೈ ನಗರದಿಂದ ದಕ್ಷಿಣಕ್ಕೆ ಸುಮಾರು 55 ಕಿಲೋಮೀಟರ್ ದೂರದಲ್ಲಿರುವ ಮಾಮಲ್ಲಪುರವು ಪಲ್ಲವರ ಕಾಲದ ಶಿಲ್ಪಗಳಿಗಾಗಿ ಲೋಕಪ್ರಸಿದ್ಧವಾಗಿದೆ. ಆದರೆ ತಮಿಳರ ಮಾಸಿ ತಿಂಗಳಿನ, ಅಂದರೆ ಫೆಬ್ರವರಿ-ಮಾರ್ಚ್ ಅವಧಿಯ ಹುಣ್ಣಿಮೆಯಂದು ಅಲ್ಲಿನ ಕಡಲ ತೀರದಲ್ಲಿ ನೆರೆಯುವ ಇರುಳರು ಶಿಲ್ಪಗಳನ್ನು ನೋಡಲು ಬಂದವರಲ್ಲ. ಚೆಂಗಲ್ಪಟ್ಟು, ಕಾಂಚೀಪುರಂ, ತಿರುವಳ್ಳೂರು, ವಿಲ್ಲುಪುರಂ ಮೊದಲಾದ ಜಿಲ್ಲೆಗಳಿಂದ ಕುಟುಂಬಸಮೇತರಾಗಿ ಬರುವ ಅವರು, ಕೋಲು ನೆಟ್ಟು ಸೀರೆ ಹೊದಿಸಿದ ಬಿಡಾರಗಳಲ್ಲಿ ರಾತ್ರಿ ಕಳೆಯುತ್ತಾರೆ. ಬೆಳಗಿನ ಜಾವದಲ್ಲಿ ಮರಳಿನಿಂದ ಏಳು ಮೆಟ್ಟಿಲುಗಳನ್ನು ಮಾಡಿ, ಹೂವು ಹಣ್ಣುಗಳನ್ನಿರಿಸಿ, ಕುಲದೇವತೆಯಾದ ಕನ್ನಿಯಮ್ಮನನ್ನು ಪೂಜಿಸುತ್ತಾರೆ. ಮುನಿದು ಸಮುದ್ರ ಸೇರಿದ ತಾಯಿಯನ್ನು ಒಲಿಸಿ ಮರಳಿ ಕರೆತರಬೇಕೆಂಬುದು ಅವರ ನಂಬಿಕೆ. ಮದುವೆ, ನಿಶ್ಚಿತಾರ್ಥ, ಮಕ್ಕಳ ಮುಡಿ ತೆಗೆಸುವ ಕಾರ್ಯಗಳೂ ಅಲ್ಲಿಯೇ ನೆರವೇರುತ್ತವೆ. ಮರಳಿನ ಆ ಪೂಜಾಸ್ಥಾನವನ್ನು ಅಲೆಗಳು ಅಳಿಸುತ್ತವೆ. ಮರುವರ್ಷ ಅದನ್ನು ಮತ್ತೆ ಕಟ್ಟಲಾಗುತ್ತದೆ. ಭೂಮಿಯ ಮೇಲೆ ಕಾಗದಪತ್ರದ ಹಕ್ಕು ವಿರಳವಾಗಿರುವ ಜನಾಂಗವೊಂದು ತನ್ನ ನೆಲದೊಡನೆ ಇರುವ ಸಂಬಂಧವನ್ನು ನವೀಕರಿಸಿಕೊಳ್ಳುವ ರೀತಿ ಇದು.

ಇರುಳರ ಹೆಸರು ಕನ್ನಡಿಗರಿಗೆ ಅಪರಿಚಿತವೆನಿಸಲಾರದು. ನಮ್ಮ 'ಇರುಳು' ಎಂಬ ಪದದೊಡನೆಯೇ ಅದನ್ನು ಸಾಮಾನ್ಯವಾಗಿ ಜೋಡಿಸಲಾಗುತ್ತದೆ. ರಾಮನಗರ, ಮಾಗಡಿ, ಕನಕಪುರ ಭಾಗದ ಇರುಳಿಗರೂ ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿದ್ದಾರೆ. ತಮಿಳುನಾಡಿನಲ್ಲಿ ವಿಶೇಷವಾಗಿ ದುರ್ಬಲವೆಂದು ಕೇಂದ್ರ ಸರ್ಕಾರವು ಗುರುತಿಸಿರುವ ಆರು ಬುಡಕಟ್ಟುಗಳಲ್ಲಿ ಇರುಳರದೂ ಒಂದು.

ಬುಡಕಟ್ಟು ಜನರೆಂದೊಡನೆ ದಟ್ಟ ಅರಣ್ಯವನ್ನು ಕಲ್ಪಿಸಿಕೊಳ್ಳುವುದು ವಾಡಿಕೆ. ಚೆನ್ನೈ ಸುತ್ತಲಿನ ಇರುಳರ ಪೂರ್ವಿಕರ ನೆಲವಾದರೋ ಕುರುಚಲು ಕಾಡು, ಕೆರೆಯ ಏರಿ, ಗದ್ದೆಯ ಬದು, ಹುತ್ತಗಳಿಂದ ಕೂಡಿದ ಬಯಲು ಸೀಮೆ. ಕೊಡಗಿನ ದೇವರಕಾಡಿಗಾಗಲಿ, ಕರಾವಳಿಯ ನಾಗಬನಕ್ಕಾಗಲಿ ಗೊತ್ತಾದ ಎಲ್ಲೆಯೊಂದಿರುತ್ತದೆ; ಅದರೊಳಗೆ ಕೊಡಲಿ ಎತ್ತಬಾರದೆಂಬ ಕಟ್ಟಳೆಯಿರುತ್ತದೆ. ಇರುಳರ ಶ್ರದ್ಧೆಯು ಹಾಗೆ ಒಂದೇ ತಾಣಕ್ಕೆ ಸೀಮಿತವಾದುದಲ್ಲ. ಕನ್ನಿಯಮ್ಮನು ನಾಗರಹಾವಿನೊಡನೆ ನಿಕಟ ಸಂಬಂಧವುಳ್ಳ ದೇವತೆ. ಹಾವು ಸಂಚರಿಸುವ ನೆಲವೆಲ್ಲವೂ ಆಕೆಯ ನೆಲವೇ. ಮಣ್ಣಿನ ಮೇಲಿನ ಜಾಡು, ಬಿಲದ ಬಾಯಿ, ಕಳಚಿದ ಪೊರೆ ಇವುಗಳನ್ನು ಓದಿ ಒಳಗಿರುವ ಹಾವು ಯಾವುದೆಂದು ಹೇಳಬಲ್ಲ ಅವರ ಜ್ಞಾನವು ಈ ಶ್ರದ್ಧೆಯಿಂದ ಬೇರೆಯಾದುದಲ್ಲ.

ಹಾವನ್ನು ಆರಾಧಿಸುವ ಇದೇ ಜನರು ಬಹುಕಾಲ ಹಾವಿನ ಚರ್ಮದ ವ್ಯಾಪಾರಕ್ಕಾಗಿ ಹಾವುಗಳನ್ನು ಹಿಡಿದುಕೊಡುತ್ತಿದ್ದರೆಂಬ ಸಂಗತಿಯನ್ನು ಮರೆಮಾಚಬೇಕಾಗಿಲ್ಲ. ಬಡತನವೂ ಚರ್ಮದ ಬೇಡಿಕೆಯೂ ಅವರನ್ನು ಅತ್ತ ತಳ್ಳಿದ್ದವು. 1972ರ ವನ್ಯಜೀವಿ (ಸಂರಕ್ಷಣಾ) ಅಧಿನಿಯಮ ಹಾಗೂ ಅನಂತರದ ರಫ್ತು ನಿಷೇಧದಿಂದ ಆ ಜೀವನೋಪಾಯ ನಿಂತುಹೋಯಿತು. ಆಗ ಸರೀಸೃಪ ತಜ್ಞ ರೊಮುಲಸ್ ವಿಟೇಕರ್ ಅವರ ನೆರವಿನಿಂದ 1978ರಲ್ಲಿ ಇರುಳ ಹಾವು ಹಿಡಿಯುವವರ ಕೈಗಾರಿಕಾ ಸಹಕಾರ ಸಂಘವು ಸ್ಥಾಪನೆಗೊಂಡಿತು. ಚೆನ್ನೈ-ಮಾಮಲ್ಲಪುರ ರಸ್ತೆಯಲ್ಲಿನ ವಡನೆಮ್ಮೇಲಿಯಲ್ಲಿ, ಮದ್ರಾಸ್ ಮೊಸಳೆ ಉದ್ಯಾನದ ಆವರಣದಲ್ಲಿ ಅದು ಕಾರ್ಯನಿರ್ವಹಿಸುತ್ತಿದೆ.

ಸಂಘದ ಕಾರ್ಯವಿಧಾನವು ಗಮನಾರ್ಹವಾದುದು. ಅರಣ್ಯ ಇಲಾಖೆಯ ಅನುಮತಿಯ ಮಿತಿಯೊಳಗೆ ಸದಸ್ಯರು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲ ಎಂಬ ನಾಲ್ಕು ಜಾತಿಯ ಹಾವುಗಳನ್ನು ಹಿಡಿದು ತರುತ್ತಾರೆ. ಅವುಗಳನ್ನು ಬಾಯಿಗೆ ಬಟ್ಟೆ ಕಟ್ಟಿದ ಮಣ್ಣಿನ ಮಡಕೆಗಳಲ್ಲಿ ಇರಿಸಿ, ಮೂರು-ನಾಲ್ಕು ವಾರಗಳ ಅವಧಿಯಲ್ಲಿ ನಾಲ್ಕು ಬಾರಿ ವಿಷವನ್ನು ತೆಗೆಯಲಾಗುತ್ತದೆ. ಬಳಿಕ ಹೊಟ್ಟೆಯ ಪೊರೆಯ ಮೇಲೆ ಗುರುತು ಮಾಡಿ ಹಾವನ್ನು ಕಾಡಿಗೆ ಬಿಡಲಾಗುತ್ತದೆ. ಅದೇ ಹಾವು ಬೇಗನೆ ಮತ್ತೆ ಸಿಕ್ಕಿದರೆ ಆ ಗುರುತು ಅದನ್ನು ರಕ್ಷಿಸುತ್ತದೆ. ಒಣಗಿಸಿದ ವಿಷವು ಪ್ರತಿವಿಷ ತಯಾರಿಸುವ ಸಂಸ್ಥೆಗಳಿಗೆ ಹೋಗುತ್ತದೆ. 2000ರಿಂದ 2019ರವರೆಗಿನ ಅವಧಿಯಲ್ಲಿ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನರು ಹಾವು ಕಡಿತದಿಂದ ಮೃತಪಟ್ಟರೆಂಬ ಅಂದಾಜನ್ನು ಗಮನಿಸಿದರೆ ಈ ಕಾರ್ಯದ ಮಹತ್ವವು ಮನವರಿಕೆಯಾದೀತು. ಸಂಘದ ಮಾಸಿ ಸಡೈಯನ್ ಮತ್ತು ವಡಿವೇಲ್ ಗೋಪಾಲ್ ಅವರು 2017ರಲ್ಲಿ ಅಮೆರಿಕದ ಫ್ಲಾರಿಡಾಕ್ಕೆ ತೆರಳಿ, ಅಲ್ಲಿನ ವನ್ಯಜೀವಿಗಳಿಗೆ ಕಂಟಕವಾಗಿದ್ದ ಬರ್ಮಾದ ಹೆಬ್ಬಾವುಗಳನ್ನು ಪತ್ತೆಹಚ್ಚಿಕೊಟ್ಟರು. 2023ರಲ್ಲಿ ಇವರಿಬ್ಬರಿಗೂ ಪದ್ಮಶ್ರೀ ಪ್ರಶಸ್ತಿ ಸಂದಿತು.

ವಿದ್ಯೆಗೆ ಮನ್ನಣೆ ದೊರೆತಂತೆ ಆ ವಿದ್ಯೆ ಬೆಳೆದ ನೆಲಕ್ಕೆ ಭದ್ರತೆ ದೊರೆತಿದೆಯೆನ್ನುವಂತಿಲ್ಲ. ನಗರವು ದಕ್ಷಿಣಕ್ಕೂ ಪಶ್ಚಿಮಕ್ಕೂ ಹಬ್ಬಿದಂತೆ ಕುರುಚಲು ಕಾಡು ಬಡಾವಣೆಯಾಯಿತು, ಕಾರ್ಖಾನೆಯಾಯಿತು. ನೆಲೆ ತಪ್ಪಿದ ಅನೇಕ ಕುಟುಂಬಗಳು ಅಕ್ಕಿ ಗಿರಣಿ, ಇಟ್ಟಿಗೆ ಗೂಡು, ಮರ ಕಡಿಯುವ ಕೆಲಸಗಳಲ್ಲಿ ಮುಂಗಡ ಹಣ ಪಡೆದು ಜೀತಕ್ಕೆ ಸಿಲುಕಿದ್ದುಂಟು. ಅರಣ್ಯವಾಸಿಗಳ ಹಕ್ಕುಗಳನ್ನು ಮಾನ್ಯಮಾಡುವ 2006ರ ಅಧಿನಿಯಮವು ಅರಣ್ಯ ಭೂಮಿಗೆ ಮಾತ್ರ ಅನ್ವಯಿಸುತ್ತದೆ. ಈ ಭಾಗದ ಅನೇಕ ಇರುಳ ಹಟ್ಟಿಗಳಿರುವುದು ಕೆರೆಯಂಚಿನ ಸರ್ಕಾರಿ ಪೊರಂಬೋಕು ಜಮೀನಿನಲ್ಲಿ. ತಲೆಮಾರುಗಳಿಂದ ಅಲ್ಲಿ ನೆಲಸಿದವರೂ ಕಡತದಲ್ಲಿ ಒತ್ತುವರಿದಾರರೇ ಆಗಿರುತ್ತಾರೆ.

ವಿಶೇಷವಾಗಿ ದುರ್ಬಲವಾದ ಬುಡಕಟ್ಟುಗಳಿಗಾಗಿ 2023ರ ನವೆಂಬರ್ 15ರಂದು ಆರಂಭವಾದ ಪ್ರಧಾನಮಂತ್ರಿ ಜನ್‌ಮನ್ ಅಭಿಯಾನದಡಿ ಪಕ್ಕಾ ಮನೆ, ಕುಡಿಯುವ ನೀರು, ರಸ್ತೆ, ವಿದ್ಯುತ್ ಮುಂತಾದ ಸೌಲಭ್ಯಗಳನ್ನು ಒದಗಿಸಲು ಅವಕಾಶವಿದೆ. ಮನೆ ಕಟ್ಟಲು ಮೊದಲು ನಿವೇಶನ ಬೇಕು; ನಿವೇಶನಕ್ಕೆ ಕಂದಾಯ ಇಲಾಖೆಯ ಪಟ್ಟಾ ಬೇಕು; ಸೌಲಭ್ಯ ಪಡೆಯಲು ಜಾತಿ ಪ್ರಮಾಣಪತ್ರವೂ ಬೇಕು. ಹಾವಿನ ಜಾಡನ್ನು ಕ್ಷಣದಲ್ಲಿ ಗುರುತಿಸುವ ಇರುಳರಲ್ಲಿ ಅನೇಕರು ಈ ಎರಡು ಕಾಗದಗಳಿಗಾಗಿ ತಾಲ್ಲೂಕು ಕಚೇರಿಗೆ ವರ್ಷಗಟ್ಟಲೆ ಅಲೆಯಬೇಕಾಗಿ ಬಂದಿದೆ.